ಮಗಳ ಹಲ್ಲು, ನನ್ನ ತುಟಿ

ಮಗಳ ಹಲ್ಲು ತೋರಿಸಲು ಹೋದವಳು ನನ್ನ ತುಟಿ ಕೊಯ್ಯಿಸಿಕೊಂಡು ಬಂದೆ. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ತಮ್ಮ ಮೇಲ್ತುಟಿಯನ್ನು ತಾವೇ ಎತ್ತಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ಬೇಕಾದರೆ ನೀವೂ ನೋಡಿಕೊಳ್ಳಿ. ತುಟಿಯ ಒಳಮೈಯ ನಟ್ಟನಡುವಿನಿಂದ ಒಸಡಿನ ಕಡೆಗೆ ತೆಳುವಾದ ಒಂದು ಪಟ್ಟಿ ಇಳಿದಿರುತ್ತದೆ. ನಾಲಿಗೆಯ ತುದಿಗೆ ಅದು ಬಿಗಿದ ದಾರದಂತೆ ಸಿಗುತ್ತದೆ. ವೈದ್ಯರು ಅದನ್ನು ಫ್ರೀನಮ್ ಎನ್ನುತ್ತಾರೆ. 42 ವರ್ಷ ಅದು ನನ್ನ ಬಾಯಲ್ಲೇ ಇದ್ದರೂ ಅದಕ್ಕೊಂದು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ.

ನಮ್ಮ ತವರಿನ ಹೆಣ್ಣುಮಕ್ಕಳಿಗೆಲ್ಲ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು. ಅವ್ವನಿಗೆ ಇತ್ತು, ನನಗೆ ಇದೆ, ತಂಗಿಗೆ ಸ್ವಲ್ಪ ಕಡಿಮೆ. ಹಲ್ಲು ಸಂದಿರುವವಳು ಅದೃಷ್ಟವಂತೆ, ಅವಳ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂದು ಸೋದರತ್ತೆ ಹೇಳುತ್ತಿದ್ದಳು. ನಾನು ರಾಣೆಬೆನ್ನೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್ ಆದ ಮೇಲೆ ಆ ಮಾತು ನಿಜವೇ ಆಯಿತು. ಓಡಾಡುವ ದುಡ್ಡು ನನ್ನದಲ್ಲ, ಅಷ್ಟೇ. ಹಾಗಾಗಿ ಪುಟ್ಟಿಗೆ ಹಾಲುಹಲ್ಲು ಬಿದ್ದು, ಹೊಸ ಬಾಚಿಹಲ್ಲುಗಳು ಜಗಳವಾಡಿದ ಅಕ್ಕತಂಗಿಯರಂತೆ ಒಂದು ಆ ಕಡೆ, ಒಂದು ಈ ಕಡೆ ವಾಲಿಕೊಂಡು ಬಂದಾಗ ನಾನು ಅದನ್ನು ದೊಡ್ಡದು ಮಾಡಲಿಲ್ಲ. ದೊಡ್ಡದು ಮಾಡಿದ್ದು ನೆಂಟರು. ಮೂರನೆಯ ತರಗತಿಯ ಗುಂಪು ಫೋಟೊ ನೋಡಿದ ಒಬ್ಬರು, "ಈಗಲೇ ತೋರಿಸಿಬಿಡಿ, ಹೆಣ್ಣುಮಗು" ಎಂದರು. ಹಲ್ಲಿಗೆ ಗಂಡು, ಹೆಣ್ಣು ಎಂಬ ಭೇದ ಎಲ್ಲಿಂದ ಬಂತು ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಊರಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಅಲ್ಲಿನ ವೈದ್ಯರು ಪುಟ್ಟಿಯ ಬಾಯನ್ನು ನೋಡಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ಈ ಪಟ್ಟಿಯೇ ಹಲ್ಲುಗಳನ್ನು ದೂರ ತಳ್ಳುತ್ತಿದೆ, ಲೇಸರ್‌ನಲ್ಲಿ ಹತ್ತು ನಿಮಿಷದ ಕೆಲಸ, 8,000 ರೂಪಾಯಿ, ಕತ್ತರಿಸಿದರೆ ಸಂದು ತಾನಾಗಿ ಕೂಡಿಕೊಳ್ಳುತ್ತದೆ ಎಂದರು. ಪಟ್ಟಿಯ ನಡುವೆ ಸಾಸಿವೆಯಷ್ಟು ಒಂದು ಗಂಟಿತ್ತು. ಅದನ್ನು ತೋರಿಸಿ "ಇಲ್ಲೊಂದು ಬೆಳವಣಿಗೆಯೂ ಇದೆ" ಎಂದುಬಿಟ್ಟರು. ಬೆಳವಣಿಗೆ ಎಂಬ ಮಾತು ಆಸ್ಪತ್ರೆಯ ಕುರ್ಚಿಯ ಪಕ್ಕ ಕೇಳಿಸಿದರೆ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸ್‌ರೇ ತೆಗೆಯಲಿಲ್ಲ, ತುಟಿಯನ್ನು ಎಳೆದು ನೋಡಲಿಲ್ಲ. ಅವೆರಡನ್ನೂ ಮಾಡಬೇಕಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಅಂದಿಗೆ ನಾವು ಮುಂಗಡ ಕೊಡಲು ಪರ್ಸ್ ತೆಗೆದಿದ್ದೆವು. ತಡೆದದ್ದು ಮನೆಯಿಂದ ಫೋನ್ ಮಾಡಿದ ಅತ್ತೆಯವರು. "ಸೀರೆ ಕೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೀರಿ, ಮಗುವಿನ ಬಾಯಿಗೆ ಒಂದೇ ಅಂಗಡಿ ಸಾಕೇನು?" ಎಂದರು.

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅದರಲ್ಲಿ ಒಂದಕ್ಕೆ ಶನಿವಾರ ಬೆಳಿಗ್ಗೆ ಬಸ್ ಹತ್ತಿದೆವು. ಹರಿಹರದ ತುಂಗಭದ್ರಾ ಸೇತುವೆ ದಾಟುವಾಗ ಪುಟ್ಟಿ, "ಅಮ್ಮಾ, ಲೇಸರ್ ಅಂದರೆ ಸಿನಿಮಾದಲ್ಲಿ ಬರುತ್ತದಲ್ಲ, ಅದೇನಾ?" ಎಂದು ಕೇಳಿದಳು. ಅಲ್ಲ ಎಂದೆ. ಅಲ್ಲವೋ ಹೌದೋ ನನಗೂ ಗೊತ್ತಿರಲಿಲ್ಲ.

ಕಾಲೇಜು ಆಸ್ಪತ್ರೆಯ ಕ್ರಮವೇ ಬೇರೆ. ಚೀಟಿ ಮಾಡಿಸಬೇಕು, ಸಾಲಿನಲ್ಲಿ ಕೂರಬೇಕು. ಮೊದಲು ಕಲಿಯುವ ಹುಡುಗಿಯೊಬ್ಬಳು ಎಲ್ಲ ಹಲ್ಲನ್ನೂ ಎಣಿಸಿ ಬರೆದುಕೊಳ್ಳುತ್ತಾಳೆ, ಅವಳು ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೆ, ಅವರನ್ನು ಪ್ರಾಧ್ಯಾಪಕರು ತಿದ್ದುತ್ತಾರೆ. ಅರ್ಧ ದಿನ ಹೋಗುತ್ತದೆ. ಆದರೆ ಒಂದೇ ಬಾಯನ್ನು ಮೂರು ಜನ ನೋಡುತ್ತಾರೆ ಎಂಬುದು ಸಣ್ಣ ಮಾತಲ್ಲ. ಮಕ್ಕಳ ದಂತ ವಿಭಾಗದ ಮೇಡಂ ಪುಟ್ಟಿಯ ಬಾಯಿ ತೆರೆಸುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆಗಳನ್ನೇ ಕೇಳಿದರು. ಬೆರಳು ಚೀಪುತ್ತಿದ್ದಳೇ? ರಾತ್ರಿ ಬಾಯಿ ತೆರೆದು ಮಲಗುತ್ತಾಳೆಯೇ? ನುಂಗುವಾಗ ನಾಲಿಗೆ ಮುಂದಕ್ಕೆ ತಳ್ಳುತ್ತಾಳೆಯೇ? ಮನೆಯಲ್ಲಿ ಯಾರಿಗಾದರೂ ಹಲ್ಲು ಹೆಚ್ಚಾಗಿ ಬಂದದ್ದು ಅಥವಾ ಬಾರದೇ ಉಳಿದದ್ದು ಇದೆಯೇ? ಚಿಕ್ಕವಳಿದ್ದಾಗ ಮುಖ ಕೆಳಗಾಗಿ ಬಿದ್ದಿದ್ದಳೇ?

ಕೊನೆಯ ಪ್ರಶ್ನೆಗೆ ನನಗೆ ಥಟ್ಟನೆ ನೆನಪಾಯಿತು. ಎರಡು ವರ್ಷದವಳಿದ್ದಾಗ ಬಚ್ಚಲುಮನೆಯ ಹೊಸ್ತಿಲ ಮೇಲೆ ಬಿದ್ದು ಬಾಯ್ತುಂಬ ರಕ್ತ ಮಾಡಿಕೊಂಡಿದ್ದಳು. ತುಟಿಯ ಒಳಗಿನ ಪಟ್ಟಿ ಹರಿದಿತ್ತು. ಊರಿನ ಹಳೆಯ ವೈದ್ಯರು ಒದ್ದೆ ಬಟ್ಟೆ ಒತ್ತಿ ಹಿಡಿಸಿ, ಹೊಲಿಗೆ ಬೇಡ, ಪದೇ ಪದೇ ತುಟಿ ಎತ್ತಿ ನೋಡಬೇಡಿ, ತಾನೇ ಮಾಯುತ್ತದೆ ಎಂದು ಕಳುಹಿಸಿದ್ದರು. ಮಾದಿತ್ತು ಕೂಡ. ಮೇಡಂ ನಕ್ಕು, ಅವರು ಸರಿಯಾಗಿಯೇ ಹೇಳಿದ್ದಾರೆ ಎಂದರು. ಪಟ್ಟಿಯ ಮೇಲಿನ ಗಂಟು ಹಳೆಯ ಗಾಯದ ಗುರುತಿರಬಹುದು, ಏನೂ ಆಗದೆಯೂ ಎಷ್ಟೋ ಮಕ್ಕಳಿಗೆ ಹಾಗೆ ಇರುತ್ತದೆ, ಗಡ್ಡೆಗಿಡ್ಡೆ ಏನಲ್ಲ, ಮುಟ್ಟುವುದೂ ಬೇಡ. ಒಂದು ವಾರ ನಿದ್ದೆ ಕೆಡಿಸಿದ್ದ ಸಾಸಿವೆ ಕಾಳು ಎರಡೇ ಮಾತಿನಲ್ಲಿ ಕರಗಿತು.

ಆಮೇಲೆ ಅವರು ಪುಟ್ಟಿಯ ತುಟಿಯನ್ನು ಎರಡೂ ಕೈಗಳ ಬೆರಳುಗಳಲ್ಲಿ ಹಿಡಿದು ಮೇಲಕ್ಕೆ, ಹೊರಕ್ಕೆ ಎಳೆದು ಹಿಡಿದರು. ನನ್ನನ್ನು ಹತ್ತಿರ ಕರೆದು, "ಎರಡು ಹಲ್ಲಿನ ನಡುವೆ ಒಸಡು ಮೊಗ್ಗಿನ ಹಾಗೆ ಇಳಿದಿದೆಯಲ್ಲ, ಅದರ ಬಣ್ಣ ನೋಡಿ" ಎಂದರು. ನೋಡಿದೆ. ತಿಳಿಗೆಂಪು. ಎಳೆದರೂ ತಿಳಿಗೆಂಪೇ. "ಪಟ್ಟಿ ಆ ಮೊಗ್ಗಿನೊಳಕ್ಕೆ ಬೇರು ಬಿಟ್ಟಿದ್ದರೆ, ಎಳೆದಾಗ ರಕ್ತ ಸರಿದು ಅದು ಬೆಳ್ಳಗಾಗುತ್ತದೆ. ಇವಳದು ಆಗುತ್ತಿಲ್ಲ." ಪರೀಕ್ಷೆ ಎಂದರೆ ಇಷ್ಟೇ. ಯಂತ್ರ ಬೇಡ, ಖರ್ಚಿಲ್ಲ.

ನನಗೆ ಅರ್ಥವಾಗಲಿ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ಒಸಡಿನಲ್ಲಿ ಎರಡು ಭಾಗ. ಹಲ್ಲಿನ ಸುತ್ತ ಮೂಳೆಗೆ ಅಂಟಿಕೊಂಡ ಗಟ್ಟಿ, ತಿಳಿಗೆಂಪು ಭಾಗ ಒಂದು. ಅದರ ಮೇಲೆ ತುಟಿಯ ಜೊತೆಗೆ ಅಲುಗಾಡುವ ಸಡಿಲ, ಕಡುಗೆಂಪು ಭಾಗ ಇನ್ನೊಂದು. ಪಟ್ಟಿ ಎಲ್ಲಿ ಬಂದು ನಿಲ್ಲುತ್ತದೆ ಎಂಬುದರ ಮೇಲೆ 1974ರಲ್ಲಿ ಪ್ಲಾಚೆಕ್ ಎಂಬುವವರು ಮತ್ತು ಅವರ ಸಂಗಡಿಗರು ನಾಲ್ಕು ಬಗೆ ಮಾಡಿದ್ದಾರಂತೆ. ಎರಡೂ ಭಾಗಗಳು ಕೂಡುವ ಗೆರೆಯಲ್ಲೇ ನಿಂತರೆ ಮೊದಲನೆಯದು. ಗಟ್ಟಿ ಒಸಡಿನೊಳಕ್ಕೆ ಇಳಿದರೆ ಎರಡನೆಯದು. ಹಲ್ಲುಗಳ ನಡುವಿನ ಮೊಗ್ಗಿಗೇ ಬಂದರೆ ಮೂರನೆಯದು. ಮೊಗ್ಗನ್ನೂ ದಾಟಿ, ಹಲ್ಲುಗಳ ನಡುವೆ ತೂರಿ, ಅಂಗುಳದ ಮುಂಭಾಗದ ಪುಟ್ಟ ಉಬ್ಬನ್ನು ಹಿಡಿದರೆ ನಾಲ್ಕನೆಯದು. ತೊಂದರೆ ಕೊಡುವುದು ಸಾಮಾನ್ಯವಾಗಿ ಕೊನೆಯ ಎರಡು. ಪುಟ್ಟಿಯದು ಎರಡನೆಯ ಬಗೆ.

ಹಾಗಾದರೆ ಸಂದು ಏಕೆ? ಅದಕ್ಕೆ ಎಕ್ಸ್‌ರೇ ತೆಗೆಸಿದರು. ಕೆಲವು ಮಕ್ಕಳಿಗೆ ಎರಡು ಬಾಚಿಹಲ್ಲುಗಳ ನಡುವೆ ಮೂಳೆಯೊಳಗೆ ಒಂದು ಹೆಚ್ಚುವರಿ ಹಲ್ಲು ಅಡಗಿ ಕುಳಿತಿರುತ್ತದಂತೆ. ಅದಿದ್ದರೆ ಪಟ್ಟಿ ಕತ್ತರಿಸಿ ಏನೂ ಆಗುವುದಿಲ್ಲ, ಮೊದಲು ಅದನ್ನು ತೆಗೆಯಬೇಕು. ಪುಟ್ಟಿಗೆ ಅದಿರಲಿಲ್ಲ. ಆದರೆ ಪೂರ್ತಿ ದವಡೆಯ ಚಿತ್ರದಲ್ಲಿ ಮೂಗಿನ ಅಕ್ಕಪಕ್ಕ ಎರಡು ಕೋರೆಹಲ್ಲುಗಳು ಕೆಳಮುಖವಾಗಿ ಇಳಿಯುತ್ತಿದ್ದವು. ಅವು ಪಕ್ಕದ ಬಾಚಿಹಲ್ಲುಗಳ ಬೇರನ್ನು ಒತ್ತುತ್ತವೆ. ಬೇರು ಒಳಕ್ಕೆ ಸರಿದಾಗ ಹಲ್ಲಿನ ತಲೆ ಹೊರಕ್ಕೆ ವಾಲುತ್ತದೆ, ಬೀಸಣಿಗೆ ಬಿಚ್ಚಿದ ಹಾಗೆ. ಕೋರೆಹಲ್ಲು ಪೂರ್ತಿ ಇಳಿದ ಮೇಲೆ ಒತ್ತಡ ಬೇರಿನಿಂದ ತಲೆಗೆ ಬರುತ್ತದೆ, ಬೀಸಣಿಗೆ ಮುಚ್ಚಿಕೊಳ್ಳುತ್ತದೆ. ಬ್ರಾಡ್‌ಬೆಂಟ್ ಎಂಬ ಅಮೆರಿಕದ ದಂತ ವೈದ್ಯರು 1937ರಲ್ಲೇ ಇದನ್ನು ಕುರೂಪಿ ಬಾತುಕೋಳಿ ಮರಿಯ ಹಂತ ಎಂದು ಕರೆದಿದ್ದಾರೆ. ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ಎಂಟು ವರ್ಷದ ಮಗುವಿನ ಎದುರು ಹಾಗೆ ಹೇಳುವುದೇ?

ಗೆರೆ ಕೊರೆದ ಸಣ್ಣ ಕಡ್ಡಿಯಿಂದ ಸಂದನ್ನು ಅಳೆದರು. 2 ಮಿಲಿಮೀಟರ್. "ಇದಕ್ಕಿಂತ ಹೆಚ್ಚಿದ್ದರೆ ತಾನಾಗಿ ಮುಚ್ಚುವ ಭರವಸೆ ಕಡಿಮೆ. ಇವಳಿಗೆ ಕೋರೆಹಲ್ಲು ಬರುವವರೆಗೆ, ಅಂದರೆ 11-12 ವರ್ಷದವರೆಗೆ ಕಾಯೋಣ. ಆರು ತಿಂಗಳಿಗೊಮ್ಮೆ ತೋರಿಸಿ." ಈಗಲೇ ಕತ್ತರಿಸಿದರೆ ನಷ್ಟವೇನು ಎಂದು ಮನೆಯವರು ಕೇಳಿದರು. ಕತ್ತರಿಸಿದ ಜಾಗದಲ್ಲಿ ಗಾಯ ಮಾದು ಗಟ್ಟಿಯಾದ ಕಲೆ ಉಳಿದರೆ, ಮುಂದೆ ಹಲ್ಲುಗಳು ಹತ್ತಿರ ಬರಲು ಆ ಕಲೆಯೇ ಅಡ್ಡಿಯಾಗಬಹುದು. ಅದಕ್ಕೇ ತಂತಿ ಹಾಕಿಸುವ ಮಕ್ಕಳಿಗೂ ಹೆಚ್ಚಾಗಿ ಮೊದಲು ಹಲ್ಲು ಕೂಡಿಸಿ, ಪಟ್ಟಿಗೆ ಆಮೇಲೆ ಕೈ ಹಾಕುತ್ತಾರೆ ಎಂದರು.

ನನಗೆ ಇಷ್ಟು ಹಗುರವಾಗಿತ್ತೆಂದರೆ ಬಾಯ್ತುಂಬ ನಕ್ಕೆ. ನಕ್ಕದ್ದೇ ತಪ್ಪಾಯಿತು. ಮೇಡಂ ನನ್ನ ಬಾಯನ್ನೇ ನೋಡುತ್ತಾ, "ಬೇಸರವಿಲ್ಲದಿದ್ದರೆ ನಿಮ್ಮ ತುಟಿಯನ್ನೂ ಒಮ್ಮೆ ಎತ್ತಿ ನೋಡಲೇ?" ಎಂದರು. ಪುಟ್ಟಿ ಕುರ್ಚಿಯಿಂದ ಇಳಿದಳು, ನಾನು ಏರಿದೆ. ತುಟಿ ಎಳೆದದ್ದೇ ತಡ, ಪಕ್ಕದಲ್ಲಿ ನಿಂತು ಇಣುಕುತ್ತಿದ್ದ ಪುಟ್ಟಿ ಇಡೀ ವಿಭಾಗಕ್ಕೆ ಕೇಳುವ ಹಾಗೆ, "ಅಮ್ಮಾ, ನಿನ್ನದು ಬೆಳ್ಳಗಾಯಿತು!" ಎಂದು ಕೂಗಿದಳು. ಕನ್ನಡಿಯಲ್ಲಿ ನೋಡಿದೆ. ಮೊಗ್ಗು ಸುಲಿದ ಬೆಳ್ಳುಳ್ಳಿ ಎಸಳಿನಂತೆ ಬಿಳಿಚಿಕೊಂಡಿತ್ತು. ಹಲ್ಲಿನ ಹಿಂದೆ, ಅಂಗುಳದ ಉಬ್ಬೂ ಬೆಳ್ಳಗಾಗಿತ್ತಂತೆ. ನಾಲ್ಕನೆಯ ಬಗೆ.

ನನ್ನನ್ನು ಮೇಲಿನ ಅಂತಸ್ತಿನ ಒಸಡಿನ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಸ್ನಾತಕೋತ್ತರ ಓದುತ್ತಿದ್ದ ಯುವಕನೊಬ್ಬ ನನ್ನ ಮೇಲೆ ಸುಮಾರು ಹೊತ್ತು ಕೆಲಸ ಮಾಡಿದ. ಬಲಗಡೆಯ ಬಾಚಿಹಲ್ಲಿನ ಮೇಲೆ ಒಸಡು 3 ಮಿಲಿಮೀಟರ್ ಸವೆದು ಮೇಲಕ್ಕೆ ಸರಿದಿತ್ತು. ತಣ್ಣೀರು ತಾಗಿದರೆ ಅಲ್ಲಿ ಝುಮ್ಮೆನ್ನುತ್ತಿದ್ದುದು ನಿಜ, ವಯಸ್ಸಾಯಿತು ಎಂದುಕೊಂಡಿದ್ದೆ. ಬ್ರಷ್ ಮಾಡುವಾಗ ರಕ್ತ ಬರುತ್ತಿತ್ತು, ಬ್ರಷ್ ಸರಿಯಿಲ್ಲ ಎಂದುಕೊಂಡು ಮೂರು ಸಲ ಬ್ರಷ್ ಬದಲಾಯಿಸಿದ್ದೆ. ವಾಸ್ತವದಲ್ಲಿ ಬ್ರಷ್ ಆ ಜಾಗಕ್ಕೆ ತಲುಪುತ್ತಲೇ ಇರಲಿಲ್ಲ, ಪಟ್ಟಿಗೆ ತಾಗಿ ನೋಯುತ್ತದೆ ಎಂದು ಕೈ ತಾನಾಗಿ ಅದನ್ನು ತಪ್ಪಿಸಿಕೊಂಡು ಹೋಗುತ್ತಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದ. ಹೇಳಲು ನಾಚಿಕೆಯಾಯಿತು.

ನಾನೂ ಸುಲಭಕ್ಕೆ ಒಪ್ಪುವವಳಲ್ಲ. ಇಷ್ಟು ವರ್ಷ ಸುಮ್ಮನಿದ್ದ ಪಟ್ಟಿಯನ್ನು ಈಗ ಯಾಕೆ ಕೆಣಕಬೇಕು, ಮಗಳಿಗೆ ಬೇಡ ಎಂದವರು ನನಗೆ ಯಾಕೆ ಬೇಕು ಎನ್ನುತ್ತೀರಿ ಎಂದು ಕೇಳಿದೆ. ಆ ಹುಡುಗನ ಉತ್ತರ ಇವತ್ತಿಗೂ ನೆನಪಿದೆ. "ಪಟ್ಟಿ ಇರುವುದು ರೋಗವಲ್ಲ ಅಮ್ಮಾ, ಎಲ್ಲರಿಗೂ ಇದೆ. ಅದು ಏನನ್ನು ಎಳೆಯುತ್ತಿದೆ ಎಂಬುದಷ್ಟೇ ಲೆಕ್ಕ." ಹೀಗೆಂದು ಕನ್ನಡಿಯನ್ನು ನನ್ನ ಕೈಗೇ ಕೊಟ್ಟು, ತುಟಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದ. ತುಟಿ ಮೇಲೆ ಹೋದಾಗಲೆಲ್ಲ ಹಲ್ಲಿಗೆ ಅಂಟಿಕೊಂಡಿರಬೇಕಾದ ಒಸಡಿನ ಅಂಚು, ಗಾಳಿಗೆ ಲಂಗದ ಅಂಚು ಎದ್ದಂತೆ ಕೂದಲೆಳೆಯಷ್ಟು ಏಳುತ್ತಿತ್ತು. ಬಿಟ್ಟರೆ ಕೂರುತ್ತಿತ್ತು. ಒಂದು ಮಾತಿಗೆ ಎಷ್ಟು ಸಲ, ಒಂದು ಊಟಕ್ಕೆ ಎಷ್ಟು ಸಲ, ಒಂದು ದಿನಕ್ಕೆ ಎಷ್ಟು ಸಲ ಎಂದು ಕೂತಲ್ಲೇ ಗುಣಿಸತೊಡಗಿದೆ. ಕ್ಯಾಷಿಯರ್ ಬುದ್ಧಿ. ಗುಣಾಕಾರ ಮುಗಿಯುವ ಮೊದಲೇ ಒಪ್ಪಿದ್ದೆ.

ಬ್ಲೇಡಿನಲ್ಲಿ ಮಾಡಿಸುತ್ತೀರೋ ಲೇಸರ್‌ನಲ್ಲೋ ಎಂಬ ಪ್ರಶ್ನೆಗೆ ಆತ ಯಾವುದನ್ನೂ ಮಾರಲು ಹೋಗಲಿಲ್ಲ. ಲೇಸರ್‌ನಲ್ಲಿ ರಕ್ತ ಕಡಿಮೆ, ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ, ಮೊದಲ ದಿನದ ನೋವೂ ಕಡಿಮೆ. ಬ್ಲೇಡಿನಲ್ಲಿ ಹೊಲಿಗೆ ಬೀಳುತ್ತದೆ, ಆದರೆ ನಾರನ್ನು ಮೂಳೆಯವರೆಗೆ ಕಣ್ಣಾರೆ ನೋಡಿ ಬಿಡಿಸಬಹುದು, ಖರ್ಚೂ ಕಡಿಮೆ. ನನ್ನದು ದಪ್ಪನಾದ, ಅಂಗುಳದವರೆಗೆ ತೂರಿದ ಪಟ್ಟಿಯಾದ್ದರಿಂದ ಬ್ಲೇಡೇ ಇರಲಿ ಎಂದರು ಅವನ ಪ್ರಾಧ್ಯಾಪಕರು. 1960ರ ದಶಕದಲ್ಲಿ ಆರ್ಚರ್, ಕ್ರೂಗರ್ ಎಂಬುವವರು ಬರೆದಿಟ್ಟ ಹಳೆಯ ಪದ್ಧತಿ. ಅದರ ನಂತರ ಎಷ್ಟೋ ಹೊಸವು ಬಂದಿವೆ. ಇಂಗ್ಲಿಷ್‌ನ ಝಡ್ ಅಕ್ಷರದ ಆಕಾರದಲ್ಲಿ ಕೊಯ್ದು ಮಡಚಿ ಹೊಲಿಯುವುದೂ ಇದೆ, ಕಲೆ ನಡುವೆ ಬೀಳದಂತೆ ಪಕ್ಕದ ಒಸಡನ್ನು ಸರಿಸಿ ಮುಚ್ಚುವುದೂ ಇದೆ. ಹುಡುಗ ಉತ್ಸಾಹದಿಂದ ಹೇಳುತ್ತಲೇ ಹೋದ. ನಾನು ತಲೆಯಾಡಿಸುತ್ತಲೇ ಹೋದೆ.

ಅಂದೇ ಕೊಯ್ಯಲಿಲ್ಲ. ಮೊದಲು ಹಲ್ಲು ಶುಚಿ ಮಾಡಿ, ಸರಿಯಾಗಿ ಬ್ರಷ್ ಮಾಡುವುದನ್ನು ಆ ವಯಸ್ಸಿನಲ್ಲಿ ನನಗೆ ಕಲಿಸಿ, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಉರಿಯುವ ಒಸಡಿನ ಮೇಲೆ ಹೊಲಿಗೆ ನಿಲ್ಲುವುದಿಲ್ಲವಂತೆ. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ರಕ್ತ ಹೆಪ್ಪುಗಟ್ಟುವ ಸಮಯ ಎಲ್ಲ ಪರೀಕ್ಷೆಯಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅದರಲ್ಲಿ ಒಂದು ಸಾಲನ್ನು ಬೆರಳಿಟ್ಟು ತೋರಿಸಿದರು. ಇದರಿಂದ ಹಲ್ಲಿನ ಸಂದು ಮುಚ್ಚುವುದಿಲ್ಲ, ಸವೆದ ಒಸಡು ಮರಳಿ ಬರುತ್ತದೆ ಎಂಬ ಭರವಸೆಯಿಲ್ಲ, ಮುಂದೆ ಸವೆಯುವುದನ್ನು ತಡೆಯುವುದೇ ಉದ್ದೇಶ. ಕ್ಲಿನಿಕ್‌ನ ಹತ್ತು ನಿಮಿಷದ ಲೇಸರ್‌ಗಿಂತ ಈ ಸಾಲು ನನಗೆ ಹೆಚ್ಚು ಧೈರ್ಯ ಕೊಟ್ಟಿತು. ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳುವವರು ಆಗುತ್ತದೆ ಎಂದದ್ದನ್ನು ನಂಬಬಹುದು.

ಕೊಯ್ಯುವ ದಿನ ಬೆಳಿಗ್ಗೆ ಹೊಟ್ಟೆತುಂಬ ಉಪ್ಪಿಟ್ಟು ತಿಂದು ಹೋಗಿದ್ದೆ. ತಿಂದು ಬನ್ನಿ ಎಂದು ಅವರೇ ಹೇಳಿದ್ದರು. ಮುಖಕ್ಕೆ ಹಸಿರು ಬಟ್ಟೆ ಹೊದಿಸಿ, ಬಾಯಿ ಮಾತ್ರ ಕಾಣುವಂತೆ ಬಿಟ್ಟರು. ತುಟಿಯೊಳಗೆ ಕಹಿಯಾದ ಮುಲಾಮು ಹಚ್ಚಿ ಎರಡು ನಿಮಿಷ ಬಿಟ್ಟು, ಪಟ್ಟಿಯ ಅಕ್ಕಪಕ್ಕ ಸೂಜಿ ಚುಚ್ಚಿದರು. ಮರಗಟ್ಟಿಸುವ ಮದ್ದು ಲಿಗ್ನೊಕೇನ್, ರಕ್ತ ಕಡಿಮೆ ಬರಲಿ ಎಂದು ಅದರಲ್ಲಿ ಚೂರು ಅಡ್ರಿನಲಿನ್. ಇರುವೆ ಕಚ್ಚಿದಷ್ಟೇ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ, "ಈಗ ಹಿಂದುಗಡೆ ಒಂದು. ಇದು ಮಾತ್ರ ನೋಯುತ್ತದೆ, ಸುಳ್ಳು ಹೇಳುವುದಿಲ್ಲ" ಎಂದ ಹುಡುಗ. ಅಂಗುಳದ ಆ ಉಬ್ಬಿಗೆ ಸೂಜಿ ಇಳಿದಾಗ ಎರಡೂ ಕಣ್ಣಿನಿಂದ ನೀರು ಕಿವಿಯವರೆಗೆ ಹರಿಯಿತು. ಆ ಅರ್ಧ ನಿಮಿಷವೇ ಇಡೀ ಕತೆಯ ನೋವು. ಉಳಿದದ್ದೆಲ್ಲ ಬರೀ ಎಳೆತ, ಸದ್ದು, ಬಿಸಿ.

ತುಟಿ ಜೋಳದ ರೊಟ್ಟಿಯಷ್ಟು ದಪ್ಪವಾದಂತೆ ಅನಿಸಿದ ಮೇಲೆ, ಬಾಗಿದ ಮೂತಿಯ ಚಿಮಟವೊಂದು ಪಟ್ಟಿಯನ್ನು ಬುಡದವರೆಗೆ ಕಚ್ಚಿಕೊಂಡಿತು. ಅದು ಕಟಕ್ ಎಂದು ಬೀಗ ಹಾಕಿಕೊಳ್ಳುವ ಸದ್ದು ತಲೆಬುರುಡೆಯಲ್ಲಿ ಕೇಳಿಸಿತು. ಚಿಮಟದ ಮೇಲಂಚಿಗೆ ಒಂದು ಗೀರು, ಕೆಳಗಂಚಿಗೆ ಒಂದು ಗೀರು. ನಡುವೆ ಸಿಕ್ಕ ತುಂಡು ಚಿಮಟದ ಜೊತೆಯೇ ಹೊರಬಂತು. ಆಮೇಲೆ ಮೂಳೆಗೆ ಅಂಟಿದ ನಾರುಗಳನ್ನು ಕೆರೆದು ಬಿಡಿಸುವ ಕೆಲಸ. ತೆಂಗಿನಕಾಯಿಯ ಚಿಪ್ಪಿನಿಂದ ಜುಂಗು ಕೀಳುವಾಗ ಬರುತ್ತದಲ್ಲ, ಅಂಥದೇ ಸದ್ದು. ಗಾಯ ವಜ್ರದ ಆಕಾರದಲ್ಲಿ ತೆರೆದುಕೊಳ್ಳುತ್ತದೆ, ಅದರ ಎರಡು ಪಕ್ಕಗಳನ್ನು ಕೂಡಿಸಿ ಹೊಲಿಯುತ್ತೇವೆ ಎಂದು ಪ್ರಾಧ್ಯಾಪಕರು ಪಕ್ಕದಲ್ಲಿ ನಿಂತವರಿಗೆ ಪಾಠ ಹೇಳುತ್ತಿದ್ದರು. ನಾನು ಬಟ್ಟೆಯ ಕೆಳಗೆ ಕಣ್ಣು ಮುಚ್ಚಿ ಕೇಳಿಸಿಕೊಂಡೆ. ಕಪ್ಪು ರೇಷ್ಮೆ ದಾರದಲ್ಲಿ ನಾಲ್ಕು ಹೊಲಿಗೆ. ಮದುವೆಯಾದ ಮೇಲೆ ನನಗೆ ಸಿಕ್ಕ ರೇಷ್ಮೆ ಅದೊಂದೇ ಎಂದು ಮನೆಯವರಿಗೆ ಹೇಳಿ ಸೇಡು ತೀರಿಸಿಕೊಂಡೆ, ಮಾತನಾಡುವ ಹಾಗಾದ ಮೇಲೆ. ಹೊಲಿಗೆಯ ಮೇಲೆ ಗುಲಾಬಿ ಬಣ್ಣದ, ಕಣಕದಂಥ ಮದ್ದನ್ನು ಒತ್ತಿದರು. ಲವಂಗದ ವಾಸನೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಎಲ್ಲ ಸೇರಿ ಅರ್ಧ ಗಂಟೆ.

ತುಂಡನ್ನು ನೋಡುತ್ತೀರಾ ಎಂದರು. ಹತ್ತಿಬಟ್ಟೆಯ ಮೇಲೆ ಇಟ್ಟಿದ್ದರು. ಮೆಂತ್ಯದ ಕಾಳಿಗಿಂತ ದೊಡ್ಡದು, ಶೇಂಗಾ ಬೀಜಕ್ಕಿಂತ ಚಿಕ್ಕದು.

ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಬೆಣ್ಣೆದೋಸೆಯ ಹೋಟೆಲು. ದಾವಣಗೆರೆಗೆ ಬಂದು ಅದನ್ನು ತಿನ್ನದೇ ಹಿಂದಿರುಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬಿಸಿ ಬೇಡ, ಖಾರ ಬೇಡ, ಮುಂದಿನ ಹಲ್ಲಿನಲ್ಲಿ ಏನನ್ನೂ ಕಚ್ಚಬೇಡಿ ಎಂದಿದ್ದರು. ಎರಡು ದಿನ ತಣ್ಣಗಿನ ಗಂಜಿ, ಮೊಸರನ್ನ. ತುಟಿಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ಆ ಜಾಗಕ್ಕೆ ಬ್ರಷ್ ಬೇಡ, ಬದಲಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಬೇಕು, ಪೇಸ್ಟ್ ಬಳಸಿದ ಅರ್ಧ ಗಂಟೆಯ ಮೇಲೆ. ಅದು ಚಹಾದ ರುಚಿಯನ್ನೇ ಕೆಡಿಸಿ, ಹಲ್ಲಿನ ಮೇಲೆ ಕಂದು ಕಲೆಯನ್ನೂ ತರುತ್ತದೆ. ಕಲೆಯನ್ನು ಆಮೇಲೆ ಅವರೇ ತೆಗೆದರು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು.

ಮಾಡಬೇಡಿ ಎಂದದ್ದನ್ನು ಮೂರನೆಯ ದಿನ ಮಾಡಿದೆ. ಸಂಘದಲ್ಲಿ ಪಕ್ಕದ ಮೇಜಿನವರು, "ತೋರಿಸಿರಿ ಮೇಡಂ, ಎಲ್ಲಿ ಕೊಯ್ದಿದ್ದಾರೆ" ಎಂದರು. ತುಟಿ ಎತ್ತಿ ತೋರಿಸಿದೆ. ಅರ್ಧ ಗಂಟೆ ಕೌಂಟರ್ ಮುಚ್ಚಿ, ಕರವಸ್ತ್ರ ಒತ್ತಿಕೊಂಡು ಕೂರಬೇಕಾಯಿತು. ಪುಟ್ಟಿ ಬಿದ್ದಾಗ ಹಳೆಯ ವೈದ್ಯರು ಹೇಳಿದ್ದ ಅದೇ ಮಾತು, ನನಗೆ ನೆನಪಾದದ್ದು ರಕ್ತ ಬಂದ ಮೇಲೆ. ನಾಲ್ಕನೆಯ ದಿನ ಕಣಕ ಉದುರಿತು. ಅದರ ಕೆಳಗೆ ಗಾಯದ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆ. ಕೀವಾಯಿತು ಎಂದು ಹೆದರಿ ಫೋಟೊ ತೆಗೆದು ಹುಡುಗನಿಗೆ ಕಳುಹಿಸಿದೆ. ಕೀವಲ್ಲ, ಗಾಯ ಮಾಯುವಾಗ ಕಟ್ಟುವ ಪೊರೆ, ಉಜ್ಜಿ ತೆಗೆಯಬೇಡಿ, ಫೋಟೊ ತೆಗೆಯಲೂ ತುಟಿ ಎತ್ತಬೇಡಿ ಎಂದು ಉತ್ತರ ಬಂತು. ಏಳನೆಯ ದಿನ ಹೊಲಿಗೆ ಬಿಚ್ಚಿದರು. ತಿಂಗಳ ಹೊತ್ತಿಗೆ ಅಲ್ಲಿ ತಿಳಿಗೆಂಪಿನ ಒಂದು ಗೆರೆ ಮಾತ್ರ ಉಳಿದಿತ್ತು.

ಈಗ ತುಟಿ ಎಳೆದರೆ ಮೊಗ್ಗು ಬಿಳಿಚುವುದಿಲ್ಲ. ಬ್ರಷ್ ಆ ಮೂಲೆಗೆ ಹೋಗುತ್ತದೆ, ರಕ್ತ ಬರುವುದಿಲ್ಲ. ಸವೆದ 3 ಮಿಲಿಮೀಟರ್ ಹಾಗೆಯೇ ಇದೆ, ಹೆಚ್ಚಾಗಿಲ್ಲ. ಸಂದೂ ಹಾಗೆಯೇ ಇದೆ. ತಂತಿ ಹಾಕಿಸಿದರೆ ಮುಚ್ಚಬಹುದು, ಹಲ್ಲಿನ ಬಣ್ಣದ ಸಿಮೆಂಟ್ ಅಂಟಿಸಿ ಹಲ್ಲುಗಳನ್ನೇ ಅಗಲ ಮಾಡಲೂಬಹುದು ಎಂದರು. ಬೇಡವೆಂದೆ. ಸೋದರತ್ತೆಯ ಮಾತಿಗೆ ಇನ್ನೂ ಸ್ವಲ್ಪ ಅವಕಾಶ ಕೊಟ್ಟು ನೋಡೋಣ.

ಇಷ್ಟಾದ ಮೇಲೆ ನನಗೆ ಎಲ್ಲರ ಬಾಯಲ್ಲೂ ಈ ಪಟ್ಟಿಯೇ ಕಾಣತೊಡಗಿತು. ಅತ್ತೆಯವರ ಮೇಲಿನ ಹಲ್ಲಿನ ಸೆಟ್ ಮಾಡಿಸಿದ ಹೊಸತರಲ್ಲಿ ಮಾತನಾಡುವಾಗ ಜಾರಿ ಬೀಳುತ್ತಿತ್ತು, ತುಟಿಯೊಳಗೆ ಹುಣ್ಣಾಗುತ್ತಿತ್ತು. ಮೂರು ಸಲ ಅಲೆದ ಮೇಲೆ ಒಬ್ಬರು ಸೆಟ್ಟಿನ ಮುಂದಿನ ಅಂಚಿನ ನಡುವೆ ಒಂದು ಸಣ್ಣ ಕಚ್ಚು ಮಾಡಿಕೊಟ್ಟರಂತೆ, ಅಂದಿನಿಂದ ಕೂತಿದೆ. ಆ ಕಚ್ಚು ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ, ಸ್ಟೀಲ್ ಬಟ್ಟಲಿನಲ್ಲಿ ದಿನಾ ಅದನ್ನು ನೋಡುತ್ತಿದ್ದ ನನಗೂ ಗೊತ್ತಿರಲಿಲ್ಲ. ಪಟ್ಟಿಗೆ ಆಡಲು ಬಿಟ್ಟ ಜಾಗ ಅದು. ಕೊಯ್ಯದೆಯೂ ರಾಜಿ ಮಾಡಿಕೊಳ್ಳಬಹುದು.

ಕಳೆದ ವರ್ಷ ಬೆಂಗಳೂರಿನಲ್ಲಿರುವ ತಂಗಿಗೆ ಹೆರಿಗೆಯಾಯಿತು. ಕೂಸು ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಮೇಲ್ತುಟಿಯ ಪಟ್ಟಿ ಒಸಡಿನ ಅಂಚಿನವರೆಗೆ ಇದೆ, ಕತ್ತರಿಸಬೇಕೆಂದು ಯಾರೋ ಹೇಳಿದ್ದಾರೆ ಎಂದು ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನ್ ಮಾಡಿದಳು. ಮರುದಿನವೇ ದಾವಣಗೆರೆಯ ಮೇಡಂಗೆ ಕೇಳಿದೆ. ಕೂಸುಗಳಿಗೆ ಪಟ್ಟಿ ಕೆಳಗೆ ಇರುವುದೇ ಸಾಮಾನ್ಯ, ದವಡೆ ಬೆಳೆದು ಹಲ್ಲು ಬಂದಂತೆ ಅದು ತಾನಾಗಿ ಮೇಲೆ ಸರಿಯುತ್ತದೆ ಎಂದರು. ಎದೆಹಾಲಿನ ತೊಂದರೆಗೆಂದು ಮೇಲ್ತುಟಿಯ ಪಟ್ಟಿ ಕತ್ತರಿಸುವುದನ್ನು ಶಿಫಾರಸು ಮಾಡಲಾಗದು ಎಂದು ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2021ರಲ್ಲೇ ಹೇಳಿದೆಯಂತೆ. ಮೊದಲು ಕೂಸನ್ನು ಎತ್ತಿಕೊಳ್ಳುವ, ಮೊಲೆಗೆ ಹಿಡಿಸುವ ರೀತಿಯನ್ನು ತಿಳಿದವರಿಂದ ನೋಡಿಸಲಿ, ತೂಕ ಏರುತ್ತಿದೆಯೇ ಎಂದು ಮಕ್ಕಳ ವೈದ್ಯರಿಗೆ ತೋರಿಸಲಿ ಎಂದರು. ಅವ್ವ ಹೋಗಿ ಕೂಸನ್ನು ಹಿಡಿಯುವ ಕೈ ಬದಲಾಯಿಸಿ ತೋರಿಸಿದಳು. ಎಂಟು ದಿನದಲ್ಲಿ ಹಾಲಿನ ವಿಷಯ ಬಿಟ್ಟು ನಿದ್ದೆಯ ವಿಷಯಕ್ಕೆ ಫೋನ್ ಬರತೊಡಗಿತು.

ಪುಟ್ಟಿಗೆ ಈಗ ಹನ್ನೆರಡು ತುಂಬುತ್ತಿದೆ. ಬಲಗಡೆಯ ಕೋರೆಹಲ್ಲು ಪೂರ್ತಿ ಇಳಿದಿದೆ, ಎಡಗಡೆಯದು ಒಸಡಿನಿಂದ ತುದಿ ಮಾತ್ರ ತೋರಿಸುತ್ತಿದೆ. 2 ಮಿಲಿಮೀಟರ್ ಇದ್ದ ಸಂದು ಕಳೆದ ಸಲ ಅಳೆದಾಗ 1ಕ್ಕಿಂತ ಕಡಿಮೆಯಾಗಿತ್ತು. ಸಾಸಿವೆ ಕಾಳು ಇದ್ದಲ್ಲೇ ಇದೆ. ಪಟ್ಟಿಯನ್ನು ಯಾರೂ ಮುಟ್ಟಿಲ್ಲ. ಮೊನ್ನೆ ಕನ್ನಡಿಯ ಮುಂದೆ ನಿಂತು ಹಲ್ಲಿನ ನಡುವೆ ಪೋಸ್ಟ್ ಕಾರ್ಡ್ ತೂರಿಸಲು ನೋಡುತ್ತಿದ್ದಳು. ಏನೇ ಇದು ಎಂದರೆ, "ಮೊದಲು ಎರಡು ಕಾರ್ಡ್ ಸೇರಿಸಿ ತೂರಿಸುತ್ತಿದ್ದೆ, ಈಗ ಒಂದೇ ಬಿಗಿಯಾಗುತ್ತಿದೆ. ಅಮ್ಮಾ, ಪೂರ್ತಿ ಮುಚ್ಚಿಬಿಟ್ಟರೆ ನಾನು ಸೀಟಿ ಹೊಡೆಯುವುದು ಹೇಗೆ?" ಎಂದಳು.

ಮುಂದಿನ ತಪಾಸಣೆ ಫೆಬ್ರವರಿಯಲ್ಲಿ. ಆ ದಿನ ಬೆಣ್ಣೆದೋಸೆ ತಪ್ಪಿಸುವುದಿಲ್ಲ.